ಹನ್ನೆರಡರ ಡಬ್ಬಿಗೆ ಹದಿನಾಲ್ಕರ ಮುಚ್ಚಳ

"ಸತ್ತ ಮ್ಯಾಲೆ ಅವನು ಬೀಡಿ ಹಚ್ಚಿದ್ನ್ರಿ," ಎಂದ ಓಬಣ್ಣ.

"ಯಾರು?"

"ಆ ಕರಿ ಕೋಟಿನವ್ರಿ. ನೀರಿನ ಟ್ಯಾಂಕಿನ ಮ್ಯಾಲಿಂದ ಬಿದ್ದು ಸತ್ನಲ್ರಿ, ಅವನ."

"ಸತ್ತವನು ಬೀಡಿ ಹೆಂಗ ಹಚ್ತಾನಲೇ?" ಎಂದೆ ನಾನು.

"ನಾನೇನ್ ಸಿನಿಮಾ ತೆಗದೀನೇನ್ರಿ? ತೋರ್ಸಿದ್ದು ಹೇಳಾಕತ್ತೀನಿ."

ಸಬ್ ಇನ್‌ಸ್ಪೆಕ್ಟರ್ ಗಾದಿಲಿಂಗಪ್ಪ ಸಾಹೇಬರು ಕುರ್ಚಿಗೆ ಒರಗಿ ಜೋರಾಗಿ ನಕ್ಕರು. "ಬರಕೊಂಡ್ಯೇನು ಪಕ್ಕೀರಪ್ಪ? ಸತ್ತವನು ಬೀಡಿ ಹಚ್ಚಿದ. ಹೂಂ, ಆಮೇಲೆ?"

"ಆಮ್ಯಾಲೆ ಗೂಡ್ಸ್ ರೈಲಿನ ಮ್ಯಾಲೆ ಓಡಿದ್ನ್ರಿ. ಇನ್‌ಸ್ಪೆಕ್ಟ್ರು ಹಿಂದಿಂದ ಓಡಿದ್ರು. ಡಬ್ಬಿಯಿಂದ ಡಬ್ಬಿಗಿ ಜಿಗದ್ರು. ಜನ ಸೀಟಿ ಹೊಡದ್ರು. ಆಮ್ಯಾಲೆ ಕೋರ್ಟು. ಮುಗೀತ್ರಿ."

"ಕೋರ್ಟಿನಾಗ ಕರಿ ಕೋಟಿನವ ಇದ್ನೇನು?" ನಾನೇ ಕೇಳಿದೆ.

"ಇಲ್ರಿ. ಎಲ್ಲಿಗಿ ಹೋದ್ನೋ ಯಾರಿಗ್ಗೊತ್ತು."

ಅದನ್ನೂ ಬರೆದುಕೊಂಡೆ. ಇಪ್ಪತ್ತೆರಡು ವರ್ಷ ಸರ್ವಿಸಿನಲ್ಲಿ ಏನೇನೋ ಬರೆದುಕೊಂಡಿದ್ದೇನೆ, ಆದರೆ ಠಾಣೆಯ ಪುಸ್ತಕದಲ್ಲಿ ಸಿನಿಮಾ ಕಥೆ ಬರೆದದ್ದು ಅದೇ ಮೊದಲು. ನನಗೆ ಮೊದಲೇ ಪೊಲೀಸ್ ಸಿನಿಮಾ ಕಂಡರೆ ಆಗುವುದಿಲ್ಲ. ಅದರಲ್ಲಿ ಇನ್‌ಸ್ಪೆಕ್ಟರ್ ಟೋಪಿ ಬೀಳದ ಹಾಗೆ ರೈಲಿನ ಮೇಲೆ ಓಡುತ್ತಾನೆ, ನನ್ನಂಥ ಹೆಡ್ ಕಾನ್‌ಸ್ಟೇಬಲ್ ಹೊಟ್ಟೆ ಬಿಟ್ಟುಕೊಂಡು ಲಾಠಿ ಕೆಳಗೆ ಹಾಕಿ ಜನರನ್ನು ನಗಿಸುತ್ತಾನೆ. ನನಗೆ ಹೊಟ್ಟೆಯೇನೋ ಇದೆ, ಲಾಠಿ ಮಾತ್ರ ಇವತ್ತಿನವರೆಗೂ ಬಿದ್ದಿಲ್ಲ.

ವಿಷಯ ನಗುವಂಥದ್ದೂ ಆಗಿರಲಿಲ್ಲ. ಸೋಮವಾರ ಮಧ್ಯಾಹ್ನ ಕೊಟ್ಟೂರಿನ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಅದರ ಮಾಲೀಕ ಏಕಾಂತಪ್ಪನನ್ನು ಯಾರೋ ಹಾರೆಯಿಂದ ಹೊಡೆದು ಕೊಂದಿದ್ದರು. ಬುಧವಾರ ಬೆಳಿಗ್ಗೆ ಹತ್ತಾದರೂ ನಮ್ಮ ಕೈಯಲ್ಲಿ ಇದ್ದದ್ದು ಅದೇ ಮಿಲ್ಲಿನ ಆಳು ಓಬಣ್ಣ ಮತ್ತು ಅವನ ಈ ಸಿನಿಮಾ ಕಥೆ, ಅಷ್ಟೇ.

ಓಬಣ್ಣ ಭಾನುವಾರ ನಾಲ್ಕು ಜನರ ಎದುರಿಗೆ ಏಕಾಂತಪ್ಪನ ಕೊರಳಪಟ್ಟಿ ಹಿಡಿದಿದ್ದ. ಯಾತಕ್ಕೆ ಅಂದರೆ ಬಾಯಿ ಬಿಡುವುದಿಲ್ಲ. ಕೊಲೆಯಾದ ಹೊತ್ತಿಗೆ ಎಲ್ಲಿದ್ದೆ ಅಂದರೆ ಮಾತ್ರ ತಟ್ಟನೆ ಉತ್ತರ: ಹೆಂಡತಿ ಗಾಳೆಮ್ಮನನ್ನು ಕರೆದುಕೊಂಡು ಕೊಟ್ಟೂರಿನ ಟಾಕೀಸಿನಲ್ಲಿ ಮೂರು ಗಂಟೆಯ ಮ್ಯಾಟ್ನಿಗೆ ಹೋಗಿದ್ದೆ, ನಾನು ಗಂಡಸರ ಕಡೆ, ಅವಳು ಹೆಂಗಸರ ಕಡೆ.

"ನಿನ್ನೆ ಫಸ್ಟ್ ಶೋ ನಾನೇ ಹೋಗಿ ನೋಡಿ ಬಂದೀನಿ," ಎಂದರು ಸಾಹೇಬರು. "ಮೊದಲು ಗೂಡ್ಸ್ ರೈಲು. ಆಮೇಲೆ ಐಸ್ ಕಾರ್ಖಾನೆಯಲ್ಲಿ ಬೀಡಿ. ಕೊನೆಗೆ ನೀರಿನ ಟ್ಯಾಂಕು, ಗುಂಡೇಟು, ಸಾವು. ಇವನು ಪೂರಾ ಉಲ್ಟಾ ಹೇಳ್ತಾನೆ. ನೋಡಿಲ್ಲ, ಯಾರ ಬಾಯಿಂದಲೋ ಅರ್ಧಂಬರ್ಧ ಕೇಳಿದ್ದಾನೆ. ಸಂಜೆ ಐದೂವರೆಗೆ ಕೂಡ್ಲಿಗಿ ಕೋರ್ಟಿಗೆ ಹಾಜರುಪಡಿಸೋಣ. ಅಲ್ಲಿಂದ ಸೀದಾ ಬಳ್ಳಾರಿ ಜೈಲು."

ಓಬಣ್ಣನಿಗೆ ಜೈಲು ಅನ್ನುವ ಮಾತು ಕೇಳಿಸಿತೋ ಇಲ್ಲವೋ. ಅವನು ಕಿಟಕಿಯ ಕಡೆ ನೋಡುತ್ತಿದ್ದ. ಕಿಟಕಿಯ ಆಚೆ ಠಾಣೆಯ ಕಟ್ಟೆಯ ಮೇಲೆ ಗಾಳೆಮ್ಮ ಮಂಗಳವಾರದಿಂದ ಕೂತಿದ್ದಳು. ಪಕ್ಕದಲ್ಲಿ ರೊಟ್ಟಿಯ ಗಂಟು ಇತ್ತು, ಬಿಚ್ಚಿರಲಿಲ್ಲ.

ನಾನು ಹೊರಗೆ ಬಂದೆ. ತಲೆ ಕೆಟ್ಟು ಮೊಸರಾಗಿತ್ತು.

ನನ್ನ ಸಂಶಯ ಇಷ್ಟೇ. ಸುಳ್ಳು ಹೇಳುವವನು ನೆಟ್ಟಗಿನ ಸುಳ್ಳು ಹೇಳುತ್ತಾನೆ. ಟಾಕೀಸಿನ ಬಾಗಿಲಲ್ಲಿ ನಾಲ್ಕಾಣೆಗೆ ಹಾಡಿನ ಪುಸ್ತಕ ಮಾರುತ್ತಾರೆ, ಅದರಲ್ಲಿ ಮುಕ್ಕಾಲು ಕಥೆ ಅಚ್ಚಾಗಿರುತ್ತದೆ. ಸಿನಿಮಾ ನೋಡದೆ ನೋಡಿದೆ ಎನ್ನುವವನು ಅದನ್ನೇ ಉರು ಹೊಡೆದು ಬರುತ್ತಾನೆ. ಸತ್ತವನ ಕೈಯಲ್ಲಿ ಬೀಡಿ ಹಚ್ಚಿಸುವ ಸುಳ್ಳನ್ನು ಯಾವ ಮಗ ಹೇಳಿಯಾನು?

ಇನ್ನೊಂದು ಚಾದ ವಿಷಯ. ಮಿಲ್ಲಿನ ಎದುರಿಗೆ ಚಾ ಅಂಗಡಿ ಇಟ್ಟಿರುವ ಗಿಡ್ಡಮ್ಮ ಸೋಮವಾರ ಮೂರೂವರೆಗೆ ಮಿಲ್ಲಿಗೆ ಚಾ ಕೊಟ್ಟು ಬಂದಿದ್ದಳು. ಆಗ ಏಕಾಂತಪ್ಪ ಜೀವಂತ ಇದ್ದ. ನಾಲ್ಕೂವರೆಗೆ ಗ್ಲಾಸು ತರಲು ಹೋದವಳು ಕಿರುಚಿಕೊಂಡು ಓಡಿ ಬಂದಳು. ಟಾಕೀಸಿಗೆ ಹೋಗುವ ದಾರಿಯಲ್ಲಿ ಅವಳ ಅಂಗಡಿಯ ಮುಂದೆ ಮತ್ತೆ ನಿಂತೆ.

"ಗಿಡ್ಡಮ್ಮ, ಎಷ್ಟು ಚಾ ಒಯ್ದಿದ್ದಿ?"

"ಎಲ್ಡು. ಎಲ್ಡು ತಗಂಬಾ ಅಂದ ಸಾವ್ಕಾರ."

"ಎರಡನೇದು ಯಾರಿಗೆ?"

"ನಾ ಬಾಗ್ಲಾಗ ಕೊಟ್ಟು ಬಂದ್ನೆಪ್ಪಾ. ಒಳಗ ಯಾರಿದ್ರೋ ಕಾಣಲಿಲ್ಲ. ಒಂದು ಗ್ಲಾಸು ಖಾಲಿ ಆಗಿತ್ತು. ಇನ್ನೊಂದು ಹಂಗ ಇತ್ತು, ಮ್ಯಾಲೆ ಕೆನಿ ಕಟ್ಟಿತ್ತು."

ಎರಡನೇ ಚಾ ಓಬಣ್ಣನಿಗೆ ಎಂದು ಸಾಹೇಬರು ತೀರ್ಮಾನಿಸಿಬಿಟ್ಟಿದ್ದರು. ಹಿಂದಿನ ದಿನ ಕೊರಳಪಟ್ಟಿ ಹಿಡಿದ ಆಳಿಗೆ ಮರುದಿನ ಚಾ ತರಿಸುವಷ್ಟು ಒಳ್ಳೆಯವನಾಗಿದ್ದನೇ ಏಕಾಂತಪ್ಪ? ನನಗಂತೂ ಅವನ ಅಂಥ ಗುಣ ಎಂದೂ ಕಂಡಿರಲಿಲ್ಲ.

ಟಾಕೀಸು ಊರ ಹೊರಗೆ, ತಗಡಿನ ಮಾಡು. ಮಧ್ಯೆ ಆಳೆತ್ತರದ ಗೋಡೆ ಕಟ್ಟಿ ಗಂಡಸರು ಹೆಂಗಸರನ್ನು ಬೇರೆ ಮಾಡಿದ್ದಾರೆ, ಬಾಗಿಲೂ ಬೇರೆ ಬೇರೆ. ಗಂಡ ಒಳಗಿದ್ದಾನೋ ಇಲ್ಲವೋ ಹೆಂಡತಿಗೆ ಗೊತ್ತಾಗುವುದು ಸಿನಿಮಾ ಬಿಟ್ಟ ಮೇಲೆಯೇ. ಸೋಮವಾರದ ಗದ್ದಲದಲ್ಲಿ ಯಾರು ಬಂದರು ಯಾರು ಹೋದರು ಎಂದು ಟಿಕೀಟು ಹರಿಯುವವನನ್ನು ಕೇಳಿ ಪ್ರಯೋಜನವಿರಲಿಲ್ಲ. ಸೀದಾ ಮೆಟ್ಟಿಲು ಹತ್ತಿ ಆಪರೇಟರ್ ಸುಂಕಪ್ಪನ ಕೋಣೆಗೆ ಹೋದೆ. ಅವನು ಬನಿಯನ್ನಿನಲ್ಲಿ ಕೂತು ಮಷೀನು ಒರೆಸುತ್ತಿದ್ದ.

"ಸುಂಕಪ್ಪ, ಸೋಮವಾರ ಮ್ಯಾಟ್ನಿಯೊಳಗ ಏನಾರ ಎಡವಟ್ಟು ಮಾಡಿದ್ಯೇನೋ?"

"ನಾನಾ? ಯಾರಂದ್ರು? ಕರ್ಕಂಬರ್ರಿ ಅವನ್ನ!"

"ಕರಿ ಕೋಟಿನವ ಮೊದ್ಲ ಸತ್ತ, ಆಮ್ಯಾಲೆ ಬೀಡಿ ಹಚ್ಚಿದ, ಆಮ್ಯಾಲೆ ರೈಲಿನ ಮ್ಯಾಲೆ ಓಡಿದ ಅಂತಾನ ಒಬ್ಬ."

ಸುಂಕಪ್ಪ ಒರೆಸುವ ಬಟ್ಟೆ ಕೆಳಗೆ ಹಾಕಿದ. ಆಮೇಲೆ ನಗಲು ಶುರು ಮಾಡಿದವನು ಕೆಮ್ಮು ಬರುವ ತನಕ ನಕ್ಕ.

"ಅದು ನಮ್ಮಲ್ಲಲ್ರಿ ಹೆಡ್‌ಸಾಹೇಬ್ರ! ಅದು ಹಗರಿಬೊಮ್ಮನಹಳ್ಳ್ಯಾಗ!"

"ಏನು ಹಂಗಂದ್ರ?"

"ಒಂದ ಪ್ರಿಂಟಿನಾಗ ಎಲ್ಡೂರು ನಡಸ್ತೀವ್ರಿ ನಾವು. ಅಲ್ಲಿ ಒಂದೂವರಿಗಿ ಶುರು, ಇಲ್ಲಿ ಮೂರಕ್ಕ. ಅಲ್ಲಿ ಐದು ರೀಲು ಮುಗದ ಕೂಡ್ಲೆ ನಮ್ಮ ಹುಲುಗಪ್ಪ ಚೀಲಕ್ಕ ಹಾಕ್ಕಂಡು ಮೋಟರ್ ಸೈಕಲ್ ಮ್ಯಾಲೆ ತರ್ತಾನ. ಅಲ್ಲಿ ಓಡಿದ್ದ ಇಲ್ಲಿ ಓಡ್ತೈತಿ."

"ಮತ್ತ ಉಲ್ಟಾ ಹೆಂಗಾತು?"

"ಪ್ರಿಂಟು ಸೋಮವಾರನ ಬಂತ್ರಿ ಹೊಸಪ್ಯಾಟಿಯಿಂದ. ಯಾವನೋ ಪುಣ್ಯಾತ್ಮ ಹನ್ನೆರಡರ ಡಬ್ಬಿಗಿ ಹದಿನಾಲ್ಕರ ಮುಚ್ಚಳ ಹಾಕ್ಯಾನ, ಹದಿನಾಲ್ಕಕ್ಕ ಹನ್ನೆರಡರದ್ದು. ಅಲ್ಲೀ ಆಪರೇಟ್ರು ಗಾದೆಪ್ಪ ಮುಚ್ಚಳ ನೋಡಿ ರೀಲು ಏರಿಸ್ಯಾನ. ಜನ ಬಾಯಿ ಮಾಡಿದ ಮ್ಯಾಲೆ ತಿಳದೈತಿ. ಸೀಮಿಸುಣ್ಣದಾಗ ಸರಿ ನಂಬರು ಬರದು ಕಳಿಸಿದ. ಇಲ್ಲಿ ನೋಡ್ರಿ."

ಡಬ್ಬಿ ತೆಗೆದು ತೋರಿಸಿದ. ಮುಚ್ಚಳದ ಬಣ್ಣದ ಅಂಕಿಯ ಮೇಲೆ ಗೀಟು ಹೊಡೆದು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಹನ್ನೆರಡು ಎಂದು ಬರೆದಿತ್ತು.

"ಹಂಗಾರ ಇಲ್ಲಿ?"

"ಇಲ್ಲಿ ಎಲ್ಲಾ ಶೋನೂ ನೆಟ್ಟಗ. ಅಡ್ಡ ಓಡಿದ್ದು ಒಂದ ಸಲ. ಸೋಮವಾರ ಮಧ್ಯಾಹ್ನ, ಆ ಊರಾಗ ಮಾತ್ರ."

ನಾನು ಅಲ್ಲೇ ರೀಲಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಓಬಣ್ಣ ಸಿನಿಮಾ ನೋಡಿದ್ದು ನಿಜ. ಕೊಟ್ಟೂರಿನಲ್ಲಿ ನೋಡಿದ್ದು ಸುಳ್ಳು. ಹಗರಿಬೊಮ್ಮನಹಳ್ಳಿಯಲ್ಲಿ ಇದ್ದವನು ಇಲ್ಲಿ ಹಾರೆ ಎತ್ತಲು ಸಾಧ್ಯವೇ ಇಲ್ಲ. ಅಲ್ಲಿದ್ದೆ ಎಂದು ಒಂದು ಮಾತು ಹೇಳಿದ್ದರೆ ಮಂಗಳವಾರವೇ ಮನೆಗೆ ಹೋಗುತ್ತಿದ್ದ. ಹೇಳುವುದಕ್ಕೆ ಏನು ದಾಡಿ ಇವನಿಗೆ? ಬಚಾವಾಗುವ ನಿಜ ಕೈಯಲ್ಲಿಟ್ಟುಕೊಂಡು ಸಿಕ್ಕಿಬೀಳುವ ಸುಳ್ಳು ಹೇಳುವವನನ್ನು ನಾನು ನನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ.

ಹನ್ನೆರಡರ ಬಸ್ಸು ಹಿಡಿದೆ.

ಹಗರಿಬೊಮ್ಮನಹಳ್ಳಿಯ ಗಾದೆಪ್ಪ ವಯಸ್ಸಾದ ಮನುಷ್ಯ, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡಿದ್ದ. ನಾನು ಸಮವಸ್ತ್ರದಲ್ಲಿ ಮೆಟ್ಟಿಲು ಹತ್ತಿದ್ದು ನೋಡಿಯೇ ಕೈ ಮುಗಿದ.

"ತಪ್ಪಾತ್ರಿ ಸಾಹೇಬ್ರ. ಮುಚ್ಚಳ ನಂಬಿ ಕೆಟ್ಟೆ. ಅಷ್ಟಕ್ಕ ಪೊಲೀಸ್ ಕಂಪ್ಲೇಂಟ್ ಕೊಟ್ರಾ?"

"ಕಂಪ್ಲೇಂಟಿಲ್ಲ, ಗಾಬರಿ ಆಗಬ್ಯಾಡ. ಅಡ್ಡ ರೀಲು ಓಡಿದ್ದು ಎಷ್ಟೊತ್ತಿಗೆ?"

"ಮೂರೂ ನಲವತ್ತಕ್ಕ ಏರಿಸಿದ್ನ್ರಿ, ನಾಲ್ಕೂ ಹತ್ತರ ತನಕ. ಕರಿ ಕೋಟಿನವ ಸತ್ತು ಎದ್ದು ಬಂದ್ನಲ್ಲ, ಅರ್ಧ ಜನ ಸೀಟಿ ಹೊಡದ್ರು, ಇನ್ನರ್ಧ ಜನ ನಮ್ಮವ್ವನ್ನ ನೆನಿಸಿದ್ರು. ಒಬ್ಬ ಮಾತ್ರ ಭಾಳ ಸಜ್ಜನ. ಶೋ ಬಿಟ್ಟ ಮ್ಯಾಲೆ ಮ್ಯಾಲಕ್ಕ ಬಂದು, ಏನ್ರಿ ಯಜಮಾನ್ರ, ಅವನು ಸತ್ತದ್ದು ಖರೇನೋ ಸುಳ್ಳೋ ಅಂತ ಕೇಳಿದ."

"ಹೆಂಗಿದ್ದ?"

"ತೆಳ್ಳಗ ಇದ್ದ. ಮುಂಗೈ ಮ್ಯಾಲೆ ಸುಟ್ಟ ಗಾಯ. ಕೈಯಾಗ ಎಲ್ಡು ಖಾಲಿ ಎಣ್ಣಿ ಡಬ್ಬಿ."

ಓಬಣ್ಣನ ಮುಂಗೈಯನ್ನು ಬೆಳಿಗ್ಗೆಯಷ್ಟೇ ನೋಡಿದ್ದೆ. ಕಾದ ಎಣ್ಣೆಯ ಗಾಯ.

"ಮತ್ತೇನಂದ?"

"ಕೊಟ್ಟೂರಂತ್ರಿ. ಸಾವ್ಕಾರ ಬೆಳಿಗ್ಗಿ ತಟ್ಟನ ಕಳಿಸಿದ್ನಂತ. ಎಲ್ಡು ಡಬ್ಬಿ ಎಣ್ಣಿ ಮುಟ್ಟಿಸಿ ಬಾ, ಅವಸರ ಮಾಡಬ್ಯಾಡ, ಸಂಜಿ ಬಸ್ಸಿಗೇ ಬಾ ಅಂದಿದ್ನಂತ. ನಮ್ಮ ಸಾವ್ಕಾರ ಹಿಂಗಂದದ್ದು ಹುಟ್ಟಾ ಇದ ಮೊದ್ಲು, ಅದಕ್ಕ ಸಿನಿಮಾಕ್ಕ ಬಂದ್ನಿ ಅಂತ ನಕ್ಕ ಪಾಪ."

"ಜೊತಿಗೆ ಯಾರಾರ ಇದ್ರಾ?"

"ಗಂಡಸರ ಕಡಿ ಒಬ್ನ ಕುಂತಿದ್ದ. ಹೆಂಗಸರ ಕಡಿ ನನ್ನ ಕಿಂಡಿಗಿ ಕಾಣಾದಿಲ್ರಿ."

ಅಷ್ಟನ್ನೂ ಬರೆದುಕೊಂಡು ಗಾದೆಪ್ಪನ ಸಹಿ ಹಾಕಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ತಿಂದೆ. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಗಿತ್ತು. ಸಿನಿಮಾದ ಇನ್‌ಸ್ಪೆಕ್ಟರ್ ರೈಲಿನ ಮೇಲೆ ಓಡಿ ಒಬ್ಬನನ್ನು ಕೊಂದ. ಹೊಟ್ಟೆ ಇರುವ ಈ ಹೆಡ್ ಕಾನ್‌ಸ್ಟೇಬಲ್ ಬಸ್ಸಿನಲ್ಲಿ ಕೂತು ಒಬ್ಬನನ್ನು ಉಳಿಸಿದ್ದ. ಕೊಲೆ ಮಾಡಿದವರು ಯಾರು ಎನ್ನುವುದು ಬೇರೆ ಪ್ರಶ್ನೆ, ಆಮೇಲೆ ನೋಡೋಣ ಎಂದುಕೊಂಡೆ.

ಕೊಟ್ಟೂರಿಗೆ ಬಂದಾಗ ಐದಕ್ಕೆ ಹತ್ತು ನಿಮಿಷ. ಠಾಣೆಯ ಮುಂದೆ ಜೀಪು ನಿಂತಿತ್ತು. ಸಾಹೇಬರು ಕೂಡ್ಲಿಗಿಗೆ ಫೋನು ಮಾಡಲು ಪೋಸ್ಟಾಫೀಸಿಗೆ ಹೋಗಿದ್ದರು. ನಾನು ಗಾಳೆಮ್ಮನಿಗೆ, "ಏಳವ್ವ, ರೊಟ್ಟಿ ಬಿಚ್ಚು, ನಿನ್ನ ಗಂಡ ಇವತ್ತ ಮನಿಗೆ ಬರ್ತಾನ," ಎಂದು ಹೇಳಿಯೇ ಒಳಗೆ ಹೋದೆ. ಅವಳು ಎದ್ದು ನಿಂತಳು. ಮುಖದಲ್ಲಿ ಸಂತೋಷ ಕಾಣಲಿಲ್ಲ, ಆದರೆ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಲಾಕಪ್ಪಿನ ಸರಳುಗಳ ಈಚೆ, ಓಬಣ್ಣನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತೆ.

"ಲೇ ಓಬಣ್ಣ, ಸೋಮವಾರ ನೀ ಹಗರಿಬೊಮ್ಮನಹಳ್ಳ್ಯಾಗ ಇದ್ದಿ."

ಅವನು ತಟ್ಟನೆ ತಲೆಯಾಡಿಸಿದ. "ಇಲ್ರಿ. ನಾ ಕೊಟ್ಟೂರಾಗ ಇದ್ನಿ."

"ಸುಳ್ಳು ಬ್ಯಾಡ. ಆ ಆಪರೇಟರ್ ಹೇಳಿಕಿ ಕೊಟ್ಟಾನ, ನನ್ನ ಕಿಸೆದಾಗ ಐತಿ. ಸತ್ತವ ಎದ್ದದ್ದು ಆ ಊರಾಗ ಮಾತ್ರ. ನೀ ಬಚಾವಾದೆಪ್ಪಾ!"

"ನಾ ಆ ಊರಿಗೇ ಹೋಗಿಲ್ರಿ."

"ಎರಡು ಡಬ್ಬಿ ಎಣ್ಣಿ?"

"ಯಾವ ಎಣ್ಣಿ?"

ನನಗೆ ಸಿಟ್ಟು ನೆತ್ತಿಗೇರಿತು. ಬೆಳಿಗ್ಗೆಯಿಂದ ಇವನಿಗಾಗಿ ಬಿಸಿಲಲ್ಲಿ ಅಲೆದಿದ್ದೇನೆ. "ಹುಚ್ಚಪ್ಪ! ನೀ ಹೂಂ ಅಂದ್ರ ಮನಿ, ಉಹೂಂ ಅಂದ್ರ ಜೈಲು. ನಿನ್ನ ಸಾವ್ಕಾರ ನಿನ್ನನ್ನ ತಟ್ಟನ ಕಳಿಸಿದ, ಸಂಜಿ ತನಕ ಬರಬ್ಯಾಡ ಅಂದ. ಖರೇನೋ ಅಲ್ಲೋ?"

ಆ ಮಾತು ನನ್ನ ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಸಂಜೆ ತನಕ ಬರಬೇಡ. ಆಳನ್ನು ಊರು ದಾಟಿಸಿ, ಮಿಲ್ಲಿಗೆ ಎರಡು ಚಾ ತರಿಸಿದ್ದ ಏಕಾಂತಪ್ಪ. ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸ ಗಾಳೆಮ್ಮನದು. ಎರಡನೇ ಚಾ ಅವಳಿಗೇ ಇರಬೇಕು. ಭಾನುವಾರ ಕೊರಳಪಟ್ಟಿ ಹಿಡಿದದ್ದು ಯಾತಕ್ಕೆ ಎಂದು ಗಂಡನೂ ಹೇಳಿರಲಿಲ್ಲ, ಹೆಂಡತಿಯೂ ಹೇಳಿರಲಿಲ್ಲ.

ಓಬಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ನನಗೆ ಹೊಳೆದದ್ದು ಅವನಿಗೆ ತಿಳಿದುಹೋಯಿತು.

"ನಾನ ಹೊಡದೀನ್ರಿ," ಎಂದ.

"ಏನು?"

"ಹಾರಿ ತಗಂಡು ನಾನ ಹೊಡದೀನಿ. ಬರಕಳ್ರಿ. ಸಿನಿಮಾಕ್ಕ ಹೋಗಿದ್ದು ಸುಳ್ಳು."

"ಮತ್ತ ಗಾಳೆಮ್ಮ ಎಲ್ಲಿದ್ಲು?"

"ಆಕಿ ಟಾಕೀಸಿನಾಗ ಇದ್ಲು. ಕೊಟ್ಟೂರಾಗ. ಹೆಂಗಸರ ಕಡಿ."

"ನಿನಗ ಹೆಂಗ ಗೊತ್ತು?"

ಅವನು ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡ. ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಕಿಸೆಯಲ್ಲಿದ್ದ ಕಾಗದವನ್ನು ಮುಟ್ಟಿ ನೋಡಿಕೊಂಡೆ. ಅವನನ್ನು ಉಳಿಸುವ ಕಾಗದ ಅದು. ಅವನು ಕೊಟ್ಟೂರಿನಲ್ಲಿ ಇರಲಿಲ್ಲ ಎಂದಾದರೆ, ಹೆಂಡತಿಯ ಜೊತೆಗಿದ್ದೆ ಎಂಬ ಅವನ ಮಾತೂ ಹೋಯಿತು. ಅವಳು ಎಲ್ಲಿದ್ದಳು ಎನ್ನುವುದಕ್ಕೆ ಯಾರ ಸಾಕ್ಷಿಯೂ ಉಳಿಯುವುದಿಲ್ಲ. ಛೇ, ಯಾಕಾದರೂ ಬಸ್ಸು ಹತ್ತಿದೆನೋ ಎನಿಸಿತು.

ಹೊರಗೆ ಬೂಟಿನ ಸದ್ದಾಯಿತು. ಸಾಹೇಬರು ಬಂದರು. "ಏನು ಪಕ್ಕೀರಪ್ಪ, ಎಲ್ಲಿಗೆ ಹೋಗಿದ್ದೆ ಇಡೀ ದಿನ? ಏನಂತಾನೆ ಇವನು?"

ನಾನು ಎದ್ದು ಸಲ್ಯೂಟ್ ಹೊಡೆದೆ. ಸಾಹೇಬರ ಹಿಂದೆಯೇ ಗಾಳೆಮ್ಮ ಒಳಗೆ ಬಂದು ನಿಂತಿದ್ದಳು. ನಾನ ಹೊಡದೀನಿ ಎಂದ ಗಂಡನ ಮಾತಷ್ಟೇ ಕಟ್ಟೆಯ ಮೇಲಿನ ಕಿಟಕಿಗೆ ಕೇಳಿಸಿತ್ತು.

"ನನ್ನ ಗಂಡ ಸುಳ್ಳು ಹೇಳ್ತಾನ್ರಿ," ಎಂದಳು. "ಅವನು ಹೊಡದಿಲ್ಲ. ನಾವಿಬ್ರೂ ಇದ ಊರಾಗ ಸಿನಿಮಾಕ್ಕ ಹೋಗಿದ್ವಿ. ಎಲ್ಡು ದಿನದಿಂದ ಅವನ್ನ ಕೇಳಾಕತ್ತೀರಿ. ನನ್ನನ್ಯಾಕ ಕೇಳವಲ್ರಿ?"

"ಗಾಳೀ, ಸುಮ್ನಿರು!" ಓಬಣ್ಣ ಎದ್ದು ನಿಂತ. "ಸಾಹೇಬ್ರ, ಆಕಿನ್ನ ಕೇಳಬ್ಯಾಡ್ರಿ. ಕೈ ಮುಗೀತೀನಿ, ಏನೂ ಕೇಳಬ್ಯಾಡ್ರಿ!"

"ಹೇಳಮ್ಮ," ಎಂದರು ಸಾಹೇಬರು. "ಏನು ನೋಡಿದೆ?"

ಗಾಳೆಮ್ಮ ಸೆರಗು ಸರಿಮಾಡಿಕೊಂಡಳು. ಪಾಠ ಒಪ್ಪಿಸುವವಳ ಹಾಗೆ ಕಣ್ಣು ಅರ್ಧ ಮುಚ್ಚಿಕೊಂಡಳು.

"ಕರಿ ಕೋಟಿನವ ಮೊದ್ಲು ನೀರಿನ ಟ್ಯಾಂಕಿನ ಮ್ಯಾಲಿಂದ ಬಿದ್ದು ಸತ್ತ್ರಿ," ಎಂದಳು. "ಸತ್ತ ಮ್ಯಾಲೆ ಐಸಿನ ಕಾರ್ಖಾನ್ಯಾಗ ಬೀಡಿ ಹಚ್ಚಿದ. ಆಮ್ಯಾಲೆ ರೈಲಿನ ಮ್ಯಾಲೆ ಓಡಿದ."

ಸಾಹೇಬರು ಹೋ ಎಂದು ನಕ್ಕರು. "ಗಂಡ ಹೆಂಡತಿ ಇಬ್ಬರೂ ಒಂದೇ ಸುಳ್ಳು! ಬರಕೋ ಪಕ್ಕೀರಪ್ಪ, ಬರಕೋ."

ಆ ಕೋಣೆಯಲ್ಲಿ ಅದರ ಅರ್ಥ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ನನಗೆ ಮತ್ತು ಓಬಣ್ಣನಿಗೆ. ಅವಳೂ ಹಗರಿಬೊಮ್ಮನಹಳ್ಳಿಯ ಹೆಂಗಸರ ಕಡೆ ಕೂತಿದ್ದಳೇ? ಹಾಗಿದ್ದರೆ ಇವನು ಇಷ್ಟು ನಡುಗುವುದು ಯಾಕೆ? ಇಲ್ಲವೇ, ಸೋಮವಾರ ಸಂಜೆ ಮನೆಗೆ ಬಂದ ಗಂಡ, ಯಾರಾದರೂ ಕೇಳಿದರೆ ಹೀಗೆ ಹೇಳು ಎಂದು ತಾನು ನೋಡಿದ ಕಥೆಯನ್ನೇ ಅವಳಿಗೆ ಕಲಿಸಿದ್ದನೇ?

ಪೆನ್ನು ತೆಗೆದೆ. ಓಬಣ್ಣ ಸರಳಿನ ಸಂದಿಯಿಂದ ಕೈ ಚಾಚಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡ.

"ಯಪ್ಪಾ," ಎಂದ, ನನಗೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ, "ನಾ ಹೊಡದೀನಿ ಅಂದದ್ದು ಮೊದ್ಲು ಬರಕಳ್ರಿ."